ನೇರಳ್, ಎಂಬತ್ತೇಳರಲ್ಲೊಂದು

ಹಗಲೆಲ್ಲ ನಾನು ಹಲ್ಲು ಮಾಡುವವನು.
ವಡಾಲಾದ ಈ ಖೋಲಿಗೆ
ಊರವರ ಬಾಯಿಗಳು ಪ್ಲಾಸ್ಟರಿನಲ್ಲಿ ಬಂದು ಕೂರುತ್ತವೆ
ಚೀಟಿ ಅಂಟಿಸಿಕೊಂಡು:
ಪೆಡ್ನೇಕರ್, ಮೇಲಿನ ದವಡೆ, ಶುಕ್ರವಾರದೊಳಗೆ.
ರಾತ್ರಿ ಒಂದಕ್ಕೆ ಹಾರ್ಬರ್ ಲೈನಿನ ಕೊನೆಯ ಲೋಕಲ್
ಮೇಜನ್ನು ನಡುಗಿಸಿ ಹೋದ ಮೇಲೆ
ನಾಲ್ಕರ ಮೊದಲ ಗಾಡಿಯ ತನಕ
ಮೇಜು ಮೇಜಾಗಿರುತ್ತದೆ.
ಆಗ ಹಲ್ಲುಗಳನ್ನು ಬದಿಗೆ ಸರಿಸಿ
ಹಳಿ ಹಾಸುತ್ತೇನೆ.

ಎರಡಡಿಯ ಗೇಜು, ಎಂಬತ್ತೇಳರಿಂದ ಭಾಗಿಸಿದರೆ
ಏಳು ಮಿಲಿಮೀಟರ್. ಏಳೇ.
ಏಳೂಕಾಲು ಅಂದರೆ ಗಾಲಿ ಕೆಳಗೆ ಬೀಳುತ್ತದೆ,
ಒಂದು ಕೂದಲು ಕಡಿಮೆಯಾದರೆ ಹಳಿಯ ಮೇಲೇರುತ್ತದೆ.
"ಅಷ್ಟು ಯಾರು ನೋಡ್ತಾರೆ?" ಅನ್ನುತ್ತಾಳೆ ವಾರಿಜಾ, ಅರೆನಿದ್ದೆಯಲ್ಲಿ.
ನಾಲಿಗೆ ನೋಡುತ್ತದೆ, ಅನ್ನುತ್ತೇನೆ.
ಕಟ್ಟಿಸಿಕೊಂಡ ಹಲ್ಲು ಎಳೆಯಷ್ಟು ಎತ್ತರವಾದರೂ
ನಾಲಿಗೆ ರಾತ್ರಿಯಿಡೀ ಅಲ್ಲಿಗೇ ಹೋಗಿ ಬರುತ್ತದಲ್ಲ,
ಗಾಲಿಗೂ ಅಂಥದೊಂದು ನಾಲಿಗೆ ಇದೆ.

ಇದನ್ನು ಒಪ್ಪಿದವನು ಯೋರನ್ ಒಬ್ಬನೇ.
ಸ್ವೀಡನ್ನಿನ ಯಾವುದೋ ಸರೋವರದ ದಡದವ,
ಅಂಚೆ ಹಂಚಿ ನಿವೃತ್ತನಾಗಿ
ಹಿತ್ತಾಳೆ ಕೊಯ್ದು ಇಂಜಿನ್ ಮಾಡುತ್ತಾನೆ.
ಅವರ ಸಣ್ಣ ಹಳಿಯೂ ನಮ್ಮದಕ್ಕಿಂತ ಅಗಲ,
ಅವರದೇ ಹಳೆಯ ಅಡಿಯಲ್ಲಿ ಮೂರು.
ಅವರ ಪಾದದ ಅಳತೆಯೇ ಬೇರೆ.
ಚಳಿಗಾಲದಲ್ಲಿ ಒಂದು ಶಾಲೆಯ ಹಾಲಿನಲ್ಲಿ ಸೇರುತ್ತಾರಂತೆ,
ಡೇನರು, ನಾರ್ವೆಯವರು, ಫಿನ್ಲೆಂಡಿನ ಒಬ್ಬ ಮೌನಿ,
ಕಂಕುಳಲ್ಲಿ ಒಂದೊಂದು ಮೀಟರ್ ಊರು ಹಿಡಿದುಕೊಂಡು.
ತುದಿಗೆ ತುದಿ ಕೂಡಿಸಿ ಬೋಲ್ಟು ಬಿಗಿದರೆ
ಅರವತ್ತು ಮೀಟರ್ ನಾಡು,
ಭಾನುವಾರ ಸಂಜೆ ಬಿಚ್ಚಿ ಒಯ್ಯುವಂಥದು.
"ನಿಮ್ಮದೂ ಒಂದು ಮೀಟರ್ ಕಳಿಸಿ" ಎಂದು ಬರೆದ.

ಯಾವ ಮೀಟರು ಕಳಿಸಲಿ?

ನೇರಳ್ ಪ್ಲಾಟ್‌ಫಾರ್ಮಿನಲ್ಲಿ ಅಪ್ಪ ಚಾ ಮಾರುತ್ತಿದ್ದ.
ಈ ಬದಿ ದೊಡ್ಡ ಗಾಡಿ, ಆ ಬದಿ ಮಾಥೇರಾನಿನ ಪುಟ್ಟದು,
ಒಂದರ ಹಳಿಗೆ ಇನ್ನೊಂದರ ಗೊಡವೆಯಿಲ್ಲ.
ಎರಡನ್ನೂ ಕೂಡಿಸುತ್ತಿದ್ದವನು ಧೋಂಡಿಬಾ:
ಗೋಣಿ, ಗೋಣಿಯೊಳಗೆ ಮರದ ಹೊಟ್ಟು,
ಹೊಟ್ಟಿನೊಳಗೆ ಗುಡ್ಡದ ಹೋಟೆಲಿಗೆ ಐಸು,
ತಲೆಯ ಮೇಲೆ ಹೊತ್ತು ಹದಿನಾಲ್ಕು ಹೆಜ್ಜೆ.
ಗ್ಲಾಸು ತೊಳೆಯುತ್ತ ನಾನು ಎಣಿಸುತ್ತಿದ್ದೆ.

ಅದನ್ನೇ ಮಾಡಿದೆ.
ದೊಡ್ಡ ಗಾಡಿಯ ಜಾಗದಲ್ಲಿ ಅವರ ಮೂರಡಿ, ಹತ್ತೂಕಾಲು ಮಿಲಿಮೀಟರ್
(ಇತಿಹಾಸಕ್ಕೆ ಸುಳ್ಳು, ಗೊತ್ತು),
ಆಚೆ ನನ್ನ ಏಳು,
ನಡುವೆ ಎರಡು ಸೆಂಟಿಮೀಟರ್ ಎತ್ತರದ ಧೋಂಡಿಬಾ.
ಹತ್ತು ತಿಂಗಳು ಹಿಡಿಯಿತು, ಅವನ ಕತ್ತಿಗೇ ಒಂದು.
ಹೊಟ್ಟಿಗೆ ಪೆನ್ಸಿಲ್ ಕೆತ್ತಿದ ಧೂಳು.
ಐಸಿಗೆ, ದವಡೆ ಎರೆಯುವ ತಿಳಿ ಅಕ್ರಿಲಿಕ್.

ಜನವರಿಯ ಒಂದು ರಾತ್ರಿ, ನಾಲ್ಕಕ್ಕೆ ಸ್ವಲ್ಪ ಮುಂಚೆ, ಫೋನು.
ಹಿಂದೆ ಕಾಫಿ ಕಪ್ಪುಗಳ ಸದ್ದು, ಯಾರೋ ಯಾರನ್ನೋ ಸುಮ್ಮನಿರಿಸುವುದು.
"ಮುಂಬಯಿಯ ಮಳೆ ಕುಡಿದ ನಿಮ್ಮ ಮರ
ಇಲ್ಲಿ ಒಣಗಿ ಅರ್ಧ ಮಿಲಿಮೀಟರ್ ಕುಗ್ಗಿದೆ.
ನಿಮ್ಮ ಪಾರ್ಸೆಲಿನದೇ ಅಂಚೆಚೀಟಿ ಮಡಿಸಿ
ಸಂದಿಗೆ ತುರುಕಿದೆವು. ಗಾಡಿ ದಾಟಿತು."
ಆಮೇಲೆ ಅಳುಕುತ್ತ:
"ಒಂದು ಮಾತು, ಬೇಜಾರು ಬೇಡ.
ಆ ಹಮಾಲನ ಕತ್ತಿನ ಹಿಂದೆ ಅಂಟು ಇಳಿದಿದೆ, ಹೊಳೆಯುತ್ತದೆ.
ಬಿರ್ಗಿಟ್ ಬ್ಲೇಡು ಹಿಡಿದು ನಿಂತಿದ್ದಾಳೆ. ಕೆರೆಯಲಾ?"

ಬೇಡ, ಅಂದೆ. ಅಂಟಲ್ಲ ಅದು.
ಆರನೇ ಹೆಜ್ಜೆಗೆ ಕರಗಲು ಶುರುವಾಗುತ್ತಿತ್ತು.

ಅತ್ತ ಸ್ವಲ್ಪ ಹೊತ್ತು ಮಾತಿಲ್ಲ.
ಮತ್ತೆ ಅವರ ಭಾಷೆಯಲ್ಲಿ ಏನೋ ಹೇಳಿದ,
ಯಾರೋ ನಕ್ಕರು,
ಮೇಜಿನ ಮೇಲೆ ಬ್ಲೇಡು ಇಟ್ಟದ್ದು ಕೇಳಿಸಿತು.
ಇಲ್ಲಿ ಮೊದಲ ಲೋಕಲ್ ಬಂತು.
ರಿಪೇರಿಗೆ ಮತ್ತೆ ಬಂದು ಕೂತಿದ್ದ ಪೆಡ್ನೇಕರರ ದವಡೆ
ಚಳಿ ಹತ್ತಿದ ಹಾಗೆ ಕಟಕಟ ಅಂದಿತು.