ಏಳನೆಯ ಸಿಲಿಂಡರ್

ಮೈಕ್ರೋಮೀಟರು ಮುಲಾಜು ನೋಡುವುದಿಲ್ಲ.
ಕ್ರ್ಯಾಂಕ್‌ಶಾಫ್ಟ್ ಮೂರು ಸಲ ಸಾಣೆ ಹಿಡಿಸಿಕೊಂಡಿದೆ,
ಇನ್ನೊಂದು ಸಲಕ್ಕಾಗುವಷ್ಟು ಉಕ್ಕು ಉಂಟು.
ಆಮೇಲೆ ಬರೀ ಹಟ.

ತೊಕ್ತೊಸುನ್ ಬೆರಳಿಗೆ ಎಣ್ಣೆ ತಾಗಿಸಿ ಮೂಸಿದ:
‘ಮಿನ್ಸ್ಕ್‌ನ ಡೀಸೆಲ್ ಕೂರಿಸಿಬಿಡು, ಅಕ್ಕಾ.
ಕುಡಿಯೋದು ಅರ್ಧ,
ದೋಲೋನ್ ಘಟ್ಟದಲ್ಲಿ ನಿನ್ನ ಕೈಲಿ ಬೈಸಿಕೊಳ್ಳಲ್ಲ.’
ಅದಕ್ಕೆ ಹಾಲು ಕರೆಯುವ ಎರಡು ಕುದುರೆ, ಮೇಲೆ ಒಂಬತ್ತು ಕುರಿ.
ರಿಪೇರಿಗಾದರೆ ಕುರಿ ಮಾತ್ರ.

ಲೆಕ್ಕ ನನಗೂ ಬರುತ್ತದೆ.
ಆದರೆ ಏಳನೆಯ ಸಿಲಿಂಡರ್ ಸತ್ತ ಮೇಲೂ
ಮಿಕ್ಕ ಏಳು ಅದರ ಪಾಲನ್ನು ಹೊತ್ತು, ಕೆಮ್ಮಿ,
ನರಿನ್‌ಗೆ ಹುಲ್ಲು ಮುಟ್ಟಿಸಿದವಲ್ಲ,
ಅದನ್ನು ಯಾವ ಕಾಲಮ್ಮಿಗೆ ಬರೆಯಲಿ?

ಮೂವತ್ತು ಡಿಗ್ರಿ ಕೆಳಗಿಳಿದ ಬೆಳಗುಗಳಲ್ಲಿ
ಅದರ ಹೊಟ್ಟೆಯಡಿ ಬ್ಲೋಲ್ಯಾಂಪು ಹಿಡಿದು
ಅಂಗಲಾಚಿದ್ದೇನೆ.
ಹ್ಯಾಂಡಲು ತಿರುಗಿ ಬಡಿದು
ನನ್ನ ಮಣಿಕಟ್ಟು ಮುರಿದದ್ದೂ ಇದರಿಂದಲೇ.
ಬರೆಯುವುದಾದರೆ ಅದನ್ನೂ ಬರೆಯಬೇಕು.

‘ಕಂದು ಕುದುರೆ ಬೇಡ,’ ಎಂದೆ.
‘ಉಳಿದೆರಡನ್ನು ಒಯ್ಯಿ.’

ಕತ್ತಲಿಗೆ ಹಿಮ ಬೀಳತೊಡಗಿತು.
ಅವನು ಹೋದಮೇಲೆ ಎದ್ದು
ಹಳೆಯ ರಜಾಯಿಯನ್ನು ಬಾನೆಟ್ಟಿಗೆ ಹೊದಿಸಿ ಬಂದೆ.
ನೀರನ್ನು ಮಧ್ಯಾಹ್ನವೇ ಬಸಿದಾಗಿತ್ತು,
ಹೆಪ್ಪುಗಟ್ಟಿ ಒಡೆಯಲು
ಒಳಗೆ ಏನೂ ಇರಲಿಲ್ಲ.