ಉಪವಾಸದ ದಿನಗಳ ಮಾತ್ರೆ

ಗೊಂಡಾರ್‌ನ ಕಲ್ಲುಬೀದಿಯಲ್ಲಿ ನನ್ನ ಔಷಧದಂಗಡಿ.
ಅಸೆಲೆಫೆಚ್ ಬಂದವಳೇ ಮಗನ ಟೋಪಿ ತೆಗೆದಳು:
ನೆತ್ತಿಯ ಮೇಲೆ ಮೂರು ಬಿಲ್ಲೆ,
ಕೂದಲು ಮುರಿದಲ್ಲೆಲ್ಲ ಕರಿ ಚುಕ್ಕಿ.

"ಹುಳು ಎಲ್ಲಿದೆ?" ಎಂದ ಯಿರ್ಗಾ.
ಹುಳುಕಡ್ಡಿಯಲ್ಲಿ ಹುಳುವಿಲ್ಲ ಮಗು, ಬೂಷ್ಟು ಅದು,
ಕೂದಲ ಬುಡದೊಳಗೆ ಬಿಡಾರ ಹೂಡಿದೆ;
ಮೇಲೆ ಸವರಿದ ಮುಲಾಮು ಬಾಗಿಲಲ್ಲೇ ನಿಲ್ಲುತ್ತದೆ.

ಡಾಕ್ಟರ ಚೀಟಿ: ಎಂಟು ವಾರ, ದಿನಕ್ಕೊಂದು,
ಜಿಡ್ಡಿನ ಊಟದ ಜೊತೆ.
ಅವಳ ಮುಖ ಬಾಡಿತು. ಐವತ್ತೈದು ದಿನದ ಉಪವಾಸ,
ಮನೆಯಲ್ಲಿ ಹಾಲಿಲ್ಲ, ಬೆಣ್ಣೆ ಕಣ್ಣಿಗೂ ಬೀಳದು.
ಹುಚ್ಚೆಳ್ಳೆಣ್ಣೆ? ಎಂದೆ.
ಅದಕ್ಕೆ ಯಾವ ದೇವರ ಅಡ್ಡಿಯೂ ಇಲ್ಲ.
ಈ ಮಾತ್ರೆಗೆ ಬಿಸಿಲಾಗದು. ಟೋಪಿಯಿರಲಿ, ಅವನೊಬ್ಬನದೇ.

ನಾಲ್ಕನೇ ವಾರ ನಗುತ್ತಾ ಬಂದಳು.
ತೆಫ್ ಪೈರಿನಂತೆ ಕೂದಲು ಚಿಗುರಿತ್ತು.
"ಇವನದು ವಾಸಿ. ಮಿಕ್ಕಿದ್ದು ತಂಗಿಗೆ, ಅರ್ಧರ್ಧ ಮುರಿದು..."
ಮಾತ್ರೆಪಟ್ಟಿಯ ಮೇಲೆ ಕೈಯಿಟ್ಟೆ.
ಕಾಣದ್ದೆಲ್ಲ ಸತ್ತಿಲ್ಲ, ಅಕ್ಕಾ.
ಇವನದು ಇವನೇ ಮುಗಿಸಲಿ.
ಅವಳನ್ನು ಡಾಕ್ಟರು ನೋಡಲಿ,
ಅವಳ ತೂಕಕ್ಕೆ ಅವಳದೇ ಚೀಟಿ.

ಪುಟ್ಟಿ ತಕ್ಕಡಿ ಹತ್ತಿ
ಉಸಿರು ಬಿಗಿಹಿಡಿದು ನಿಂತಳು, ಹೆಚ್ಚು ತೂಗಲೆಂದು.
ಹದಿಮೂರು ಕಿಲೋ, ಶೂ ಸೇರಿ.
ಶೂ ಬಿಚ್ಚಿಸಿದೆ.