ಎರಡನೆಯ ಡಬ್ಬಿ

ಲ್ಯಾಮಿಂಗ್ಟನ್ ರೋಡಿನ ಲಾಲ್ವಾಣಿ ಎರಡು ಸಲ ಕೇಳಿದ,
ಹಾಡು ತುಂಬುವುದಕ್ಕಾ, ಸಿನಿಮಾಕ್ಕಾ?
ಮದುವೆಗೆ, ಅಂದೆ.
ನಕ್ಕು ಐವತ್ತು ರೂಪಾಯಿ ಬಿಟ್ಟ.

ಬೋರಾ ಬಜಾರಿನ ಮೂರನೇ ಮಾಳಿಗೆಯಲ್ಲಿ
ಸೋಮವಾರದಿಂದ ಹಳೆಯ ಡಿಸ್ಕು
ಗೋಡೆಯ ಹಲ್ಲಿಯ ಹಾಗೆ ಲೊಚಗುಟ್ಟುತ್ತಿದೆ.
ಬಂಗೇರರು ಕೃಷ್ಣ ಕೃಷ್ಣ ಎಂದು
ಬೆರಳ ಗೆಣ್ಣಿನಿಂದ ಮೇಜು ಕುಟ್ಟಿದರು.
ಅದು ಶಕುನ ಅಲ್ಲ ಧಣಿ,
ಹೋಗುವವರ ಸದ್ದು.

ಇಪ್ಪತ್ತೆರಡು ವರ್ಷ
ಇದರ ಹೊಟ್ಟೆಗೆ ನಾನೇ ಉಣಿಸಿದ್ದು:
ಗಲ್ಲೆಯಿಂದ ಎದ್ದು ಬಂದ ಹೋಟೆಲಿನವರು,
ಮದುಮಗನಿಗಿಂತ ಊರಿನ ಹೆಸರು ದೊಡ್ಡದಿರಲಿ ಎನ್ನುವವರು,
ಸೋದರಮಾವನ ಹೆಸರು ಬಿಟ್ಟುಹೋಯಿತೆಂದು
ರಾತ್ರಿ ಹತ್ತಕ್ಕೆ ಏದುತ್ತ ಮೆಟ್ಟಿಲೇರಿದವರು.
ಷಷ್ಟ್ಯಬ್ದಿಯ ಕಾರ್ಡಿನ ಜೋಡಿ ಫೋಟೊವನ್ನೇ
ಆರು ವರ್ಷದ ಮೇಲೆ ಉತ್ತರಕ್ರಿಯೆಯ ಕಾಗದಕ್ಕೆ ಕೇಳಿದರು.
ಹೆಂಡತಿಯ ಭುಜ ಕತ್ತರಿಸಿದವಳು ನಾನು.
ಅಂಚಿನಲ್ಲಿ ಸೀರೆಯ ಜರಿ ಒಂದೆಳೆ ಉಳಿದಿತ್ತು.
ಕಂಡಿತ್ತು. ಬಿಟ್ಟೆ.

ಹಸಿರು ಪಟ್ಟಿ ಹೊರಟಿತು.
ಇನ್ನು ನಾಲ್ಕು ಗಂಟೆ, ಅಂತು.
ಆಮೇಲೆ ಹನ್ನೊಂದು ನಿಮಿಷ.
ಆಮೇಲೆ ಎರಡು ದಿನ.
ಮದುವೆ ದಲ್ಲಾಳಿಯೂ ಇಷ್ಟು ನಾಲಿಗೆ ಹೊರಳಿಸುವುದಿಲ್ಲ.
ಫ್ಯಾನು ಆರಿಸಿದೆ, ಎಲ್ಲಿ ಫ್ಯೂಸು ಹಾರೀತೋ ಎಂದು;
ಬೆವರು ಕೀಲಿಮಣೆಗೆ ಬೀಳದಂತೆ ದೂರ ಕೂತೆ,
ಹೆರಿಗೆ ಕೋಣೆಯ ಹೊರಗೆ ಕೂತ ಗಂಡಸಿನ ಹಾಗೆ
ಏನೂ ಮಾಡಲಾರದೆ, ಎದ್ದೂ ಹೋಗಲಾರದೆ.

'ಮೃದುಲಾ ಹೊಸದು ಕೊನೆಯದು ನಿಜವಾದ ಕೊನೆಯದು'
ಎಂಬಲ್ಲಿ ನಿಂತಿತು.
ಓದಲಾಗುತ್ತಿಲ್ಲ. ಬಿಡಲೇ? ಮತ್ತೊಮ್ಮೆ ನೋಡಲೇ?
ನೆನಪಿದೆ ಆ ಹುಡುಗಿ, ಘಾಟ್ಕೋಪರಿನವಳು.
ಅಚ್ಚಿಗೆ ಹೋಗುವ ಹಿಂದಿನ ಸಂಜೆ ಮಾತು ಮುರಿದು
ತಂದೆಯ ಬದಲು ತಾನೇ ಬಂದು
ಮುಂಗಡ ವಾಪಸು ಬೇಡ ಅಂದಿದ್ದಳು.
ಬಿಡಬಹುದಿತ್ತು.
ನಾಲ್ಕು ಸಲ 'ಮತ್ತೊಮ್ಮೆ' ಒತ್ತಿದೆ.
ಐದನೆಯದಕ್ಕೆ ಬಂತು.
ಯಾರಿಗೂ ಬೇಡದ ಮದುವೆ
ಮುಹೂರ್ತ ಸಮೇತ ಪೂರ್ತಿ ಬಂತು.

ಮುಗಿಯಿತು ಎಂದುಕೊಂಡೆ.
ಪಕ್ಕದ ರಬ್ಬರ್ ಸ್ಟ್ಯಾಂಪಿನ ಸೊಹ್ರಾಬನ ಲ್ಯಾಪ್‌ಟಾಪಿಗೆ
ಚುಚ್ಚಿ ನೋಡಿದರೆ:
ಚಿ. ಸೌ. ಇದ್ದಲ್ಲಿ ಡಾಲರು,
ಒತ್ತಕ್ಷರ ಇದ್ದಲ್ಲಿ ಪ್ರಶ್ನೆಚಿಹ್ನೆ,
ತಲಕಟ್ಟು ಕಳಚಿದ ಪರದೇಶಿ ಎಲುಬುಗಳು.
ನಿಮ್ಮ ಭಾಷೆ ಹೀಗಿರುತ್ತದಾ, ಕೇಳಿದ.
ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ.

ಬರೆದದ್ದೆಲ್ಲ ಬಂದಿತ್ತು, ಲಿಪಿ ಬಂದಿರಲಿಲ್ಲ.
ಅದು ಬೇರೆ ಕೋಣೆಯಲ್ಲಿತ್ತು, ಯಂತ್ರದ ಒಳಮನೆಯಲ್ಲಿ.
ಹುಬ್ಬಳ್ಳಿಯವರೊಬ್ಬರು ಅಂಗಿಜೇಬಿನ ಫ್ಲಾಪಿಯಲ್ಲಿ
ಚಾ ಬೆಲೆಗೆ ಕೊಟ್ಟುಹೋದ ಫಾಂಟು.
ಮಾಡಿದ ಕಂಪನಿ ಮುಚ್ಚಿ ಯಾವ ಕಾಲವಾಯಿತು.
ನಲವತ್ತೆಂಟು ಕೆ.ಬಿ.,
ಒಂದು ಮದುಮಗಳ ರೆಪ್ಪೆಯಷ್ಟೂ ತೂಕವಿಲ್ಲ.
ಓಡಿಬಂದೆ.
ಹಲ್ಲಿ ಇನ್ನೂ ಲೊಚಗುಟ್ಟುತ್ತಿತ್ತು.
ಅದನ್ನು ಎಳೆದುಕೊಂಡ ಮೂರು ಕ್ಷಣ
ನಾನೂ ಮೇಜು ಕುಟ್ಟಿದೆ.

ಒಂದೇ ಕಪಾಟಿನಲ್ಲಿಟ್ಟ ಎರಡು, ಎರಡಲ್ಲ.
ಒಂಬತ್ತು ಹನ್ನೆರಡರ ಅಂಬರನಾಥ ಸ್ಲೋ ಹತ್ತಿ
ಟಿಫಿನ್ ಚೀಲವನ್ನು ತೊಡೆಯ ಮೇಲಿಟ್ಟುಕೊಂಡೆ.
ಕುರ್ಲಾದಲ್ಲಿ ಒಬ್ಬಳು, ಸ್ವಲ್ಪ ಸರಿಯಿರಿ ಅಂದಳು.
ಸರಿದೆ. ಒಳಗಿದ್ದ ಸಾವಿರದ ಚಿಲ್ಲರೆ ಜೋಡಿಗಳೂ
ಒಂದಿಷ್ಟು ಸರಿದು ಕೂತವು.

ಡೊಂಬಿವಲಿಯ ಮನೆಯಲ್ಲಿ ಅಕ್ಕಿ ಡಬ್ಬವೇ ತಿಜೋರಿ;
ಅಮ್ಮ ಬಳೆ ಹುಗಿಯುತ್ತಿದ್ದದ್ದೂ ಇಂಥದ್ದರಲ್ಲೇ.
ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಆಳಕ್ಕೆ ಒತ್ತಿದೆ.
ಮಳೆಗಾಲದ ತೇವಕ್ಕೂ ಒಳ್ಳೆಯದಂತೆ.

ರಾತ್ರಿಗೆ ಒಂದೂವರೆ ಪಾವು ತೆಗೆದೆ.
ಡಬ್ಬಿಯ ಮೂಲೆ ಕಂಡಿತು.
ನಾಳೆ ಅಕ್ಕಿ ತರಬೇಕು.